ಒಲ್ಲೆ ಅನ್ನುವುದನ್ನು ಯಾರು ಕಲಿಸಬೇಕು

ಶ್ರಾವಣದಲ್ಲಿ ಒಂದೇ ದಿನ ಮೂರು ಆಂಜನೇಯರ ದರ್ಶನ ಮಾಡುವುದು ರಾಯದುರ್ಗ, ಗುಂತಕಲ್ಲು, ಬಳ್ಳಾರಿ ಸೀಮೆಯವರ ಹಳೆಯ ನೇಮ. ಗುಂತಕಲ್ಲಿನ ಪಕ್ಕದ ಕಸಾಪುರ, ಡಿ. ಹಿರೇಹಾಳ ಮಂಡಲದ ಮುರಡಿ, ಬೊಮ್ಮನಹಾಳ ಮಂಡಲದ ನೇಮಕಲ್ಲು. ಮೂರನ್ನೂ ವ್ಯಾಸರಾಯರೇ ಪ್ರತಿಷ್ಠೆ ಮಾಡಿದರೆಂದು ಜನ ನಂಬುತ್ತಾರೆ. ನೇಮಕಲ್ಲಿನ ಮಕ್ಕಳಿಗೆ ಹನುಮನ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಅವನಿಗೆ ತನ್ನ ಬಲ ತನಗೇ ಮರೆತುಹೋಗಿತ್ತು. ಕಡಲ ದಂಡೆಯಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ ಜಾಂಬವಂತ ಅವನ ಹತ್ತಿರ ಬಂದು ನೆನಪು ಮಾಡಿಕೊಟ್ಟ. ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಹನುಮ ಕಡಲು ಹಾರಿದ ಕಡೆಗಿಂತ ಹೆಚ್ಚಾಗಿ ಜಾಂಬವಂತ ಬಾಯಿ ತೆರೆದ ಕಡೆ. ಅವನು ಮೇಲಿನಿಂದ ಬಂದ ಗುರುವಲ್ಲ, ಅದೇ ದಂಡಿನಲ್ಲಿ ಜೊತೆಗೆ ನಡೆದು ಬಂದವನು. ಬೇಕಾದ ಮಾತನ್ನು ಬೇಕಾದ ಹೊತ್ತಿಗೆ ಆಡಿದ.

ಈಗ ಈ ಸೀಮೆಯ ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಶಾಲೆ ಬಿಟ್ಟಿದೆ. ಗೂಡಂಗಡಿಯ ಹಿಂದೆ ನಾಲ್ಕು ಜನ ಗೆಳೆಯರು ನಿಂತಿದ್ದಾರೆ. ಒಬ್ಬ ಗುಟ್ಕಾ ಪೊಟ್ಟಣ ಹರಿದು ಕೈ ಚಾಚುತ್ತಾನೆ. "ತಗಳಲೇ, ಒಂದ್ಸಲಕ್ಕೆ ಏನೂ ಆಗಲ್ಲ."

ಈ ಹುಡುಗನಿಗೆ ತಿಳಿವಳಿಕೆಯ ಕೊರತೆಯಿಲ್ಲ. ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಾನೆ. ಕಾನೂನೂ ಅವನ ಕಡೆಗೇ ಇದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ, 18 ವರ್ಷದೊಳಗಿನವರಿಗಂತೂ ಎಲ್ಲಿಯೂ ಮಾರುವಂತಿಲ್ಲ. ಮಕ್ಕಳ ಕೈಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೂ ಶಿಕ್ಷೆಯಿದೆ. ಆದರೆ ಚಾಚಿದ ಆ ಕೈಯ ಮುಂದೆ ಅವನಿಗಿರುವುದು ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಪಠ್ಯಪುಸ್ತಕವೂ ಕಾಯ್ದೆಯೂ ನೆನಪಿಗೆ ಬರುವುದಿಲ್ಲ. ಕಣ್ಣಿಗೆ ಕಾಣುವುದು ನಾಲ್ಕು ಮುಖಗಳು ಮಾತ್ರ.

ಮಕ್ಕಳಿಗೆ ಒಳ್ಳೆಯ ಆಯ್ಕೆ ಮಾಡುವುದನ್ನು ಕಲಿಸಬೇಕು ಎಂದು ಶಿಕ್ಷಣ ಇಲಾಖೆಗಳು ಹೇಳುತ್ತಿರುತ್ತವೆ, ನಾವೂ ಹೇಳುತ್ತೇವೆ. ನನ್ನ ಮಟ್ಟಿಗೆ ಆ ಮಾತಿಗೆ ಒಂದೇ ಅರ್ಥ. ಆ ಹತ್ತು ಸೆಕೆಂಡಿಗೆ ಬೇಕಾದ ಮಾತನ್ನು ಮಗುವಿನ ಬಾಯಿಗೆ ಮೊದಲೇ ರೂಢಿ ಮಾಡಿಸಿಡುವುದು, ಆ ಮಾತಿನ ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬನನ್ನು ತಯಾರು ಮಾಡುವುದು.

ಆ ಮಾತು ಯಾವುದು? "ಬ್ಯಾಡ" ಅನ್ನಬಹುದು. ಆದರೆ ನಮ್ಮ ಮನೆಗಳಲ್ಲಿ "ಬ್ಯಾಡ" ಅನ್ನುವ ಮಾತಿಗೆ ಬೆಲೆಯೇ ಇಲ್ಲ. ಊಟಕ್ಕೆ ಕೂತವರು "ಬ್ಯಾಡ, ಸಾಕು" ಅಂದರೆ ಬಡಿಸುವವರು ಇನ್ನೊಂದು ಸೌಟು ಹಾಕುತ್ತಾರೆ. ಅದು ಪ್ರೀತಿ, ಸರಿ. ಆದರೆ ಮಗು ಅದನ್ನು ನೋಡುತ್ತಾ ಬೆಳೆಯುತ್ತದೆ. ಬೇಡ ಅನ್ನುವುದು ಬರೀ ಉಪಚಾರ, ಇನ್ನೊಮ್ಮೆ ಒತ್ತಾಯ ಮಾಡಿದರೆ ಒಪ್ಪಿಕೊಳ್ಳಬೇಕು ಎಂಬುದು ಅದಕ್ಕೆ ಅನ್ನದ ಜೊತೆಗೇ ಇಳಿಯುತ್ತದೆ. ಗೂಡಂಗಡಿಯ ಹಿಂದೆ ಹುಡುಗ "ಬ್ಯಾಡಲೇ" ಅಂದಾಗ ಗೆಳೆಯರೂ ಇನ್ನೊಂದು ಸೌಟು ಬಡಿಸುವವರ ಹಾಗೆಯೇ ಕೈ ಮುಂದೆ ಮಾಡುತ್ತಾರೆ.

ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಪದವಿದೆ: ಒಲ್ಲೆ. ಎರಡಕ್ಷರದೊಳಗೆ "ನಾನು" ಎಂಬುದೂ ಸೇರಿಕೊಂಡಿದೆ. ಬೇಡ ಅನ್ನುವುದು ವಸ್ತುವಿನ ಮೇಲಿನ ಮಾತು, ಒಲ್ಲೆ ಅನ್ನುವುದು ನನ್ನ ಮೇಲಿನ ಮಾತು. ವಸ್ತುವಿನ ಬಗ್ಗೆ ವಾದ ಮಾಡಬಹುದು, "ಇದು ಸಿಹಿ ಐತಲೇ, ನೋಡು" ಎಂದು ಪುಸಲಾಯಿಸಬಹುದು. ಒಲ್ಲೆ ಅಂದವನ ಜೊತೆ ವಾದಕ್ಕೆ ಜಾಗ ಕಡಿಮೆ. ಎರಡು ವರ್ಷದ ಕೂಸಿಗೆ ಈ ಪದ ಯಾರೂ ಕಲಿಸದೆಯೇ ಬರುತ್ತದೆ. "ನಾ ಒಲ್ಲೆ" ಎಂದು ಕಾಲು ಅಪ್ಪಳಿಸುತ್ತದೆ. ನಾವು ಅದನ್ನು ಹಟ ಅನ್ನುತ್ತೇವೆ, ಗದರುತ್ತೇವೆ, ಒಂದೇಟು ಹಾಕಿ ಬಿಡಿಸುತ್ತೇವೆ. ಹದಿಮೂರು ಹದಿನಾಲ್ಕರ ಹೊತ್ತಿಗೆ, ಆ ಪದ ನಿಜವಾಗಿ ಬೇಕಾಗುವ ವಯಸ್ಸಿಗೆ, ಅದು ಬಾಯಿಂದ ಪೂರ್ತಿ ಹೋಗಿರುತ್ತದೆ. ಅದರ ಜಾಗದಲ್ಲಿ ದಾಕ್ಷಿಣ್ಯ ಬಂದು ಕೂತಿರುತ್ತದೆ. ದೊಡ್ಡವರ ಮಾತಿಗೆ ಇಲ್ಲ ಅನ್ನಬಾರದು, ನೆಂಟರ ಮುಖ ಮುರಿಯಬಾರದು, ಗೆಳೆಯನ ಕೈ ತಳ್ಳಬಾರದು. ದಾಕ್ಷಿಣ್ಯ ಒಳ್ಳೆಯ ಗುಣವೇ, ಹಳ್ಳಿಗಳು ಅದರ ಮೇಲೆಯೇ ಬದುಕಿವೆ. ಆದರೆ ಅದನ್ನು ಯಾವಾಗ ಬದಿಗಿಡಬೇಕು ಎಂದು ನಾವು ಮಕ್ಕಳಿಗೆ ಹೇಳಿಕೊಟ್ಟಿಲ್ಲ.

ಶಾಲೆಗಳು ಏನೂ ಮಾಡುತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಪ್ರತಿಜ್ಞೆಯಿದೆ, ಗೋಡೆಯ ಮೇಲೆ ಸುಭಾಷಿತಗಳಿವೆ. ಆಂಧ್ರ ಸರ್ಕಾರ 2024ರ ನವೆಂಬರಿನಲ್ಲಿ ಪ್ರವಚನಕಾರ ಚಾಗಂಟಿ ಕೋಟೇಶ್ವರರಾವು ಅವರನ್ನು ವಿದ್ಯಾರ್ಥಿಗಳ ನೀತಿ ಮತ್ತು ಮೌಲ್ಯಗಳ ಸಲಹೆಗಾರರನ್ನಾಗಿ ನೇಮಿಸಿತು. ಒಳ್ಳೆಯ ಮಾತು ಕಿವಿಗೆ ಬೀಳಲೇಬೇಕು. ಆದರೆ ಕೇಳಿದ್ದು ಕೈಗೆ ಇಳಿಯುತ್ತದೆ ಎಂದು ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಬಹಳ ಹಣ ಸುರಿದು ಕಂಡುಕೊಂಡಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಡೇರ್ ಎಂಬ ಕಾರ್ಯಕ್ರಮದಲ್ಲಿ ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ಕೇಡನ್ನು ವಿವರಿಸುತ್ತಿದ್ದರು. ಅದು ದೇಶದ ಉದ್ದಗಲಕ್ಕೂ ಹಬ್ಬಿತು. ಆಮೇಲೆ ಅಧ್ಯಯನಗಳು ಒಂದರ ಹಿಂದೆ ಒಂದು ಬಂದು ಹೇಳಿದ್ದು ಒಂದೇ ಮಾತು: ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಮುಂದೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ.

ಹಾಗಾದರೆ ಯಾವುದು ಉಳಿಯುತ್ತದೆ? ನನಗೆ ದಾರಿ ತೋರಿಸಿದ್ದು 1951ರ ಒಂದು ಹಳೆಯ ಪ್ರಯೋಗ. ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ ಒಂದು ಕೋಣೆಯಲ್ಲಿ ಕೆಲವರನ್ನು ಕೂರಿಸಿ ಗೆರೆಗಳನ್ನು ತೋರಿಸಿದ. ಯಾವ ಗೆರೆ ಯಾವುದಕ್ಕೆ ಸಮ ಎಂದು ಹೇಳಬೇಕು, ಅಷ್ಟೇ. ಕಣ್ಣಿದ್ದವರು ತಪ್ಪುವಂಥದ್ದೇ ಅಲ್ಲ. ಆದರೆ ಕೂತವರಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಆಶ್‌ನ ಕಡೆಯವರು, ಬೇಕೆಂದೇ ತಪ್ಪು ಉತ್ತರ ಕೊಡುವವರು. ಆ ಒಬ್ಬ ಏನು ಮಾಡಿದ? ಕಣ್ಣಿಗೆ ಕಂಡದ್ದನ್ನು ಬಿಟ್ಟು, ಮೂರರಲ್ಲಿ ಒಂದರಷ್ಟು ಸಲ ಗುಂಪಿನ ಜೊತೆ ಹೋದ. ನಾನು ಹೇಳಬೇಕಾದ್ದು ಇದರ ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ತಪ್ಪುಗಳು ನಾಲ್ಕನೇ ಒಂದು ಭಾಗಕ್ಕೆ ಇಳಿದವು. ಒಂದೇ ಒಂದು ಜೊತೆದನಿ. ಜಾಂಬವಂತನ ಕೆಲಸ.

ಇದನ್ನು ತರಗತಿಗೆ ತರುವುದಕ್ಕೆ ಹಣ ಬೇಡ, ಯಂತ್ರ ಬೇಡ, ವಾರಕ್ಕೊಂದು ಪಿರಿಯಡ್ ಸಾಕು. ಮೂವರು ಮಕ್ಕಳನ್ನು ಎದ್ದು ನಿಲ್ಲಿಸಿ. ಒಬ್ಬ ಕೈ ಚಾಚುವವನು, ಒಬ್ಬ ಒಲ್ಲೆ ಅನ್ನುವವನು. ಮೂರನೆಯವನ ಕೆಲಸವೇ ಇಲ್ಲಿ ಪಾಠ. ಅವನು ಭಾಷಣ ಮಾಡಬೇಕಿಲ್ಲ. "ಅವ್ನು ಒಲ್ಲೆ ಅಂತಾನಲ್ಲ, ಬಿಡಲೇ" ಎಂದರೆ ಸಾಕು. ಅಥವಾ ಮಾತು ಬೇರೆ ಕಡೆಗೆ ಎಳೆದುಕೊಂಡು ಹೋಗಬೇಕು: "ನಡ್ರಲೇ, ಕಬಡ್ಡಿ ಆಡಾನ." ಒಮ್ಮೆ ಆಡಿಸಿ ಬಿಟ್ಟರೆ ನಾಟಕವಾಗುತ್ತದೆ, ಹತ್ತು ಸಲ ಆಡಿಸಿದರೆ ನಾಲಿಗೆಗೆ ರೂಢಿಯಾಗುತ್ತದೆ. ಪಾತ್ರಗಳನ್ನು ಅದಲು ಬದಲು ಮಾಡಬೇಕು. ಕೈ ಚಾಚುವ ಪಾತ್ರ ಮಾಡಿದವನಿಗೆ, ಎದುರಿಗಿದ್ದವನು ಒಲ್ಲೆ ಅಂದರೂ ತಮ್ಮ ಗೆಳೆತನ ಹಾಗೇ ಉಳಿಯುತ್ತದೆ ಎಂಬುದು ತಿಳಿಯುತ್ತದೆ. ಇದು ಅವನಿಗೂ ಬೇಕಾದ ಪಾಠ.

ಇಲ್ಲಿ ಭಾಷೆಯ ವಿಷಯ ಬರುತ್ತದೆ, ಅದನ್ನು ನಾನು ಹಗುರವಾಗಿ ಬಿಡಲಾರೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರಿನ ಜೊತೆ ಇದೂ ಆ ಕಡೆ ಹೋಯಿತು, ಬಳ್ಳಾರಿ ಮೈಸೂರಿಗೆ ಬಂತು. ಮಡಕಶಿರ ಅದಕ್ಕೂ ಹಿಂದಿನಿಂದ ಅನಂತಪುರ ಜಿಲ್ಲೆಯದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆಗಳು ಹೇಗೆ ಸರಿದಾಡಿದರೂ ಮನೆಯೊಳಗಿನ ಮಾತು ಕನ್ನಡವೇ ಉಳಿದ ಊರುಗಳು ಇಲ್ಲಿ ಎಷ್ಟೋ ಇವೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಆ ಮಕ್ಕಳು ಪಠ್ಯದ ಕನ್ನಡದಲ್ಲಿ ಓದುತ್ತಾರೆ, ಕಚೇರಿಯ ತೆಲುಗನ್ನು ಕೇಳುತ್ತಾರೆ, ಸೀಮೆಯ ಕನ್ನಡದಲ್ಲಿ ಜಗಳ ಆಡುತ್ತಾರೆ. ಒತ್ತಾಯ ಬರುವುದು ಈ ಮೂರನೆಯ ಭಾಷೆಯಲ್ಲಿ. ಉತ್ತರವೂ ಅದರಲ್ಲೇ ಸಿದ್ಧವಿರಬೇಕು. "ನಾನು ನಿನ್ನ ಪ್ರಸ್ತಾಪವನ್ನು ನಿರಾಕರಿಸುತ್ತೇನೆ" ಎಂದು ಪಾಠ ಒಪ್ಪಿಸಿದ ಹುಡುಗ ಗೂಡಂಗಡಿಯ ಹಿಂದೆ ಮೂಗನಾಗುತ್ತಾನೆ. ಗೆಳೆಯರಲ್ಲಿ ತೆಲುಗಿನವರೂ ಇರುತ್ತಾರಲ್ಲ, ಅವರಿಗಾಗಿ ಅದೇ "ಬಿಡಲೇ" ಮಾತಿನ ತೆಲುಗು ರೂಪ "ವಾಡು ವದ್ದಂಟುನ್ನಾಡು ಕದಾ, ವದಿಲೇಯ್ ರಾ" ಎಂಬುದನ್ನೂ ರೂಢಿ ಮಾಡಿಸಬೇಕು. ಎರಡು ಭಾಷೆ ಬಲ್ಲ ಮಗುವಿಗೆ ಒಲ್ಲೆ ಅನ್ನಲು ಎರಡು ದಾರಿಗಳಿವೆ. ಗಡಿಯ ಶಾಲೆಗಿರುವ ಈ ಅನುಕೂಲ ಬೆಂಗಳೂರಿನ ಎಷ್ಟೋ ಶಾಲೆಗಳಿಗಿಲ್ಲ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಈ ಕೆಲಸವನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಗಂಭೀರವಾಗಿ ಹಿಡಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತ್ತು. ನಿರ್ಧಾರ ಮಾಡುವುದು, ಇನ್ನೊಬ್ಬರ ನೋವು ಅರಿಯುವುದು, ಸಿಟ್ಟು ದುಃಖಗಳನ್ನು ಸಂಭಾಳಿಸುವುದು ಅದರಲ್ಲಿ ಸೇರಿವೆ. ಅವನ್ನು ಆಟ, ಚರ್ಚೆಗಳ ರೂಪಕ್ಕೆ ತಂದು, ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು ಪ್ರೌಢಶಾಲೆಗಳಲ್ಲಿ ನಡೆಸಿದರು. ಒಂದು ವರ್ಷದ ನಂತರ ಆ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳ ಜೊತೆ ಹೋಲಿಸಿ ನೋಡಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆತ್ಮಗೌರವ ಹೆಚ್ಚಿತ್ತು, ಶಿಕ್ಷಕರ ಜೊತೆ ಹೊಂದಾಣಿಕೆ ಚೆನ್ನಾಗಿತ್ತು, ಇನ್ನೊಬ್ಬರಿಗೆ ನೆರವಾಗುವ ಗುಣ ಬೆಳೆದಿತ್ತು. ಆದರೆ ಹೊಂದಾಣಿಕೆಯಲ್ಲೇ ಎರಡು ಕಡೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ: ಮನೆಯಲ್ಲಿನ ಹೊಂದಾಣಿಕೆ ಮತ್ತು ಗೆಳೆಯರ ಜೊತೆಗಿನ ಹೊಂದಾಣಿಕೆ. ಇದನ್ನು ಮುಚ್ಚಿಡದೆ ಬರೆದದ್ದು ಆ ಅಧ್ಯಯನ ಮಾಡಿದವರ ಪ್ರಾಮಾಣಿಕತೆ. ನನಗಂತೂ ಇಡೀ ಅಧ್ಯಯನದಲ್ಲಿ ಅತಿ ಉಪಯುಕ್ತ ಸಾಲು ಅದೇ. ಮೇಷ್ಟ್ರು ಕಲಿಸಿದ್ದು ಮೇಷ್ಟ್ರಿರುವ ಜಾಗದವರೆಗೆ ನಡೆದು ಬಂತು. ಗೂಡಂಗಡಿಯ ಹಿಂಬದಿಗೂ ಮನೆಯ ಪಡಸಾಲೆಗೂ ಅದು ಹೋಗಬೇಕಾದರೆ ಹೊತ್ತುಕೊಂಡು ಹೋಗುವವರು ಬೇರೆ ಬೇಕು.

ಯಾರು ಅವರು? ಅಮೆರಿಕದ ನ್ಯೂಜೆರ್ಸಿಯಲ್ಲಿ 2012–13ರಲ್ಲಿ 56 ಮಾಧ್ಯಮಿಕ ಶಾಲೆಗಳನ್ನು ತೆಗೆದುಕೊಂಡು ಎಲಿಜಬೆತ್ ಲೆವಿ ಪಾಲಕ್ ಮತ್ತು ಸಂಗಡಿಗರು ಒಂದು ಕೆಲಸ ಮಾಡಿದರು. ಮೊದಲು ಎಲ್ಲ ಮಕ್ಕಳನ್ನೂ ಕೇಳಿದರು: ನೀನು ಯಾರ ಜೊತೆ ಹೊತ್ತು ಕಳೆಯುತ್ತೀಯ? ಅದರಿಂದ ಶಾಲೆಯ ಗೆಳೆತನದ ನಕ್ಷೆಯೇ ಸಿಕ್ಕಿತು. ಆಮೇಲೆ ಅರ್ಧದಷ್ಟು ಶಾಲೆಗಳಲ್ಲಿ ಒಂದು ಸಣ್ಣ ಗುಂಪಿಗೆ ಜಗಳ, ಹೀಯಾಳಿಕೆಗಳ ವಿರುದ್ಧ ತಾವೇ ಏನಾದರೂ ಮಾಡಲು ಬಿಟ್ಟರು. ಮಕ್ಕಳು ಭಿತ್ತಿಪತ್ರ ಬರೆದರು, ಒಳ್ಳೆಯ ನಡತೆ ಕಂಡಲ್ಲಿ ಗೆಳೆಯರ ಕೈಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದರು. ಆ ಶಾಲೆಗಳಲ್ಲಿ ವರ್ಷದ ಕೊನೆಗೆ ಜಗಳದ ದೂರುಗಳು ಸುಮಾರು 30 ಪ್ರತಿಶತ ಕಡಿಮೆ ಇದ್ದವು. ಗುಂಪಿನಲ್ಲಿ ಉಳಿದ ಮಕ್ಕಳ ಕಣ್ಣು ಯಾರ ಮೇಲಿರುತ್ತದೋ ಅಂಥವರು ಹೆಚ್ಚಿದ್ದ ಕಡೆ ಫಲ ಇನ್ನೂ ಚೆನ್ನಾಗಿತ್ತು.

ನಮ್ಮಲ್ಲಿ ತರಗತಿಯ ನಾಯಕನೆಂದರೆ ಮೊದಲ ರ‍್ಯಾಂಕಿನ ಹುಡುಗ, ಇಲ್ಲವೇ ಹೆಡ್‌ಮಾಸ್ತರರಿಗೆ ಚಾಕ್‌ಪೀಸ್ ತಂದುಕೊಡುವ ಹುಡುಗಿ. ಆದರೆ ಮಕ್ಕಳ ಕಣ್ಣು ಇರುವುದು ಕೊನೆಯ ಬೆಂಚಿನ ಕಡೆ, ಕಬಡ್ಡಿ ಚೆನ್ನಾಗಿ ಆಡುವವನ ಕಡೆ, ಜಾತ್ರೆಯಲ್ಲಿ ಕೋಲಾಟಕ್ಕೆ ಮುಂದೆ ನಿಲ್ಲುವವಳ ಕಡೆ. ಅವರಿಗೆ ಹೊಣೆ ಕೊಡಲು ಶಿಕ್ಷಕರು ಹಿಂಜರಿಯುತ್ತಾರೆ. ಅವರು ತುಂಟರು, ಅವರಿಂದಲೇ ತೊಂದರೆ ಎಂಬ ಭಾವನೆ. ಆದರೆ ಅವರಲ್ಲಿ ಒಬ್ಬ "ಬಿಡಲೇ" ಅಂದರೆ ಅದು ನೂರು ಸುಭಾಷಿತಗಳಿಗಿಂತ ದೂರ ಹೋಗುತ್ತದೆ.

ಗುಟ್ಕಾ ಇದರಲ್ಲಿ ಸುಲಭದ ಉದಾಹರಣೆ. ಈ ಸೀಮೆಯ ಮಕ್ಕಳ ಮುಂದೆ ಅದಕ್ಕಿಂತ ಭಾರದ ಆಯ್ಕೆಗಳು ಬರುತ್ತವೆ. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರು ಬಂದ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಲು ಕೈಗಳು ಬೇಕು. ರಾಯದುರ್ಗದಲ್ಲಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಕೆಲಸವಿದೆ. ವಾರದ ಕೊನೆಗೆ ಕೈಗೆ ಬರುವ ನೋಟು ಹತ್ತನೇ ತರಗತಿಯ ಸರ್ಟಿಫಿಕೇಟಿಗಿಂತ ಗಟ್ಟಿಯಾಗಿ ಕಾಣುತ್ತದೆ. ಇಂಥ ಕಡೆ ಮಗುವಿನ ಆಯ್ಕೆ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಮನೆಯಲ್ಲಿ ಸಾಲ ಇದ್ದಾಗ ಹದಿನಾಲ್ಕರ ಹುಡುಗನನ್ನು ನೀನು ಸರಿಯಾದ ದಾರಿ ಆರಿಸಿಕೊಳ್ಳಲಿಲ್ಲ ಎಂದು ದೂರುವುದು ಅನ್ಯಾಯ.

ಮದುವೆಯ ವಿಷಯದಲ್ಲಿ ಇದು ಇನ್ನೂ ನೋಯಿಸುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 29.3 ಪ್ರತಿಶತ ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕರ್ನಾಟಕದಲ್ಲಿ 21.3. ಗಡಿಯ ಎರಡೂ ಬದಿಗೆ ನೆಂಟಸ್ತಿಕೆ ಇರುವ ಊರುಗಳಲ್ಲಿ ಮದುವೆ ಈ ರಾಜ್ಯದಲ್ಲಿ ನಿಂತರೆ ಆ ರಾಜ್ಯದಲ್ಲಿ ನಡೆದುಬಿಡಬಹುದು. ಒಬ್ಬ ಹುಡುಗಿ ಪಡಸಾಲೆಯಲ್ಲಿ ಅಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರ ಎದುರು ಒಲ್ಲೆ ಅನ್ನಬೇಕು ಎಂದು ನಾವು ಬಯಸುತ್ತೇವಲ್ಲ, ಅದು ಕಡಲು ಹಾರಿದಷ್ಟೇ ಕಷ್ಟದ ಕೆಲಸ. ಅಲ್ಲಿ ಜೊತೆದನಿಯಾಗಬೇಕಾದವರು ಅವಳ ಗೆಳತಿಯರು. ಪಕ್ಕದಲ್ಲಿ ಕೂರುತ್ತಿದ್ದವಳು ಮೂರು ದಿನ ಬರಲಿಲ್ಲ ಎಂಬುದು ಮೊದಲು ತಿಳಿಯುವುದು ಅವರಿಗೆ. ಯಾರಿಗೆ ಹೇಳಬೇಕು ಎಂಬುದು ಅವರಿಗೆ ಬಾಯಿಪಾಠವಾಗಿರಬೇಕು: ತರಗತಿಯ ಶಿಕ್ಷಕಿ, ಮಹಿಳಾ ಪೊಲೀಸ್, ಅಂಗನವಾಡಿಯ ಅಕ್ಕ, ಮಕ್ಕಳ ಸಹಾಯವಾಣಿ 1098. ಆ ಸಂಖ್ಯೆಗೆ ಹೇಗೆ ಮಾತಾಡಬೇಕು, ಮೊದಲು ಏನು ಹೇಳಬೇಕು ಎಂಬುದನ್ನೂ ತರಗತಿಯಲ್ಲಿ ಆಡಿಸಿ ನೋಡಬೇಕು. ಹೇಳಿದ ಮಗುವಿನ ಹೆಸರು ಹೊರಗೆ ಬರದ ಹಾಗೆ ನೋಡಿಕೊಳ್ಳುವುದು ದೊಡ್ಡವರ ಪಾಲಿನ ಕೆಲಸ. ಒಮ್ಮೆ ಆ ಹೆಸರು ಊರಲ್ಲಿ ಹರಡಿತೆಂದರೆ ಮುಂದೆ ಹತ್ತು ವರ್ಷ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಮಕ್ಕಳಿಗೆ ಇಷ್ಟು ಭಾರ ಹೊರಿಸಬಹುದೇ ಎಂದು ಕೇಳುವವರಿಗೆ ನಾನು ಕುಂದಾಪುರವನ್ನು ತೋರಿಸುತ್ತೇನೆ. ದಿ ಕನ್ಸರ್ನ್‌ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಒತ್ತಾಸೆಯಿಂದ 1990ರಲ್ಲಿ ದುಡಿಯುವ ಮಕ್ಕಳೇ ಭೀಮ ಸಂಘ ಕಟ್ಟಿದರು. ಅದೇ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯ್ತಿಗಳು ಬಂದವು. ಮಕ್ಕಳೇ ಮತ ಹಾಕಿ ತಮ್ಮವರನ್ನು ಆರಿಸಿದರು, ಹಳ್ಳ ದಾಟುವ ಕಾಲುಸಂಕದಂಥ ಬೇಡಿಕೆಗಳನ್ನು ದೊಡ್ಡವರ ಪಂಚಾಯ್ತಿಯ ಮುಂದಿಟ್ಟರು. ಆಮೇಲೆ ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲೆಲ್ಲ ಮಕ್ಕಳ ಗ್ರಾಮಸಭೆ ನಡೆಯುವಂತಾಯಿತು. ಎಷ್ಟೋ ಕಡೆ ಅದು ಹೂಗುಚ್ಛ, ಭಾಷಣ, ಬಿಸ್ಕತ್ತಿಗೆ ಮುಗಿಯುತ್ತದೆ ಎಂಬುದೂ ನಿಜ. ಆದರೆ ತಾನು ಕೇಳಿದ ಬೀದಿದೀಪ ನಿಜವಾಗಿ ಉರಿದದ್ದನ್ನು ಒಮ್ಮೆ ಕಂಡ ಮಗುವಿಗೆ ತನ್ನ ಮಾತಿಗೆ ತೂಕವಿದೆ ಎಂಬುದು ತಿಳಿಯುತ್ತದೆ. ಅಂಥ ಮಗು ಬೇರೆ ಕಡೆಯೂ ಮಾತಾಡುತ್ತದೆ.

ಇನ್ನು ಮಧ್ಯಾಹ್ನದ ಊಟದ ಸಾಲು. ಆಂಧ್ರದಲ್ಲಿ ಈಗ ಆ ಊಟದ ಯೋಜನೆಗೆ ಡೊಕ್ಕಾ ಸೀತಮ್ಮನವರ ಹೆಸರು. ಹಸಿದವರು ಯಾರೇ ಬಂದರೂ ಅನ್ನ ಇಟ್ಟ ಗೋದಾವರಿ ಸೀಮೆಯ ತಾಯಿ ಆಕೆ. ಶಾಲೆಯ ದಿನದಲ್ಲಿ ಮಗು ಮಾಡುವ ಅತಿ ದೊಡ್ಡ ಸಾಮಾಜಿಕ ಆಯ್ಕೆ ಈ ಸಾಲಿನಲ್ಲೇ ನಡೆಯುತ್ತದೆ: ತಟ್ಟೆ ಹಿಡಿದು ಯಾರ ಪಕ್ಕ ಕೂರುವುದು? ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಹಸಿವು ಎಲ್ಲವನ್ನೂ ಕಲಸಿಬಿಡುತ್ತದೆ. ಗೆರೆ ಎಳೆಯುವವರು ಸಾಮಾನ್ಯವಾಗಿ ದೊಡ್ಡವರು. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಶಾಲೆಯಲ್ಲಿ ದಲಿತ ಮಹಿಳೆ ಅಡುಗೆಗೆ ಬಂದ ಮೇಲೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರೆಂಬ ಸುದ್ದಿ ಓದಿ ನನಗೆ ಎರಡು ದಿನ ಊಟ ರುಚಿಸಲಿಲ್ಲ. ಆ ಮಕ್ಕಳನ್ನು ಯಾರಾದರೂ ಕೇಳಿದ್ದರೇ? ಒಲ್ಲೆ, ನಾನು ಇಲ್ಲೇ ಉಣ್ಣುತ್ತೇನೆ ಅನ್ನುವ ಒಂದು ಮಗು ಅವರಲ್ಲಿ ಇದ್ದಿರಬಹುದು. ಅದರ ಜೊತೆ ನಿಲ್ಲಲು ಇನ್ನೊಂದು ದನಿ ಇರಲಿಲ್ಲವೇನೋ. ಶಾಲೆ ಮಾಡಬೇಕಾದದ್ದು ಇಷ್ಟೇ: ವಾರಕ್ಕೊಮ್ಮೆ ಚೀಟಿ ಎತ್ತಿ ಸಾಲು ಬದಲಿಸುವುದು, ಮೇಷ್ಟ್ರು ತಾವೂ ತಟ್ಟೆ ಹಿಡಿದು ಆ ಸಾಲಿನಲ್ಲಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುವುದು. ಮೌಲ್ಯ ಶಿಕ್ಷಣದ ಪಿರಿಯಡ್ ಇದಾದ ಮೇಲೆ ಬರಲಿ.

ಶನಿವಾರದ ಕೊನೆಯ ಪಿರಿಯಡ್ ಎಂದಿಟ್ಟುಕೊಳ್ಳಿ. ಎಂಟನೇ ತರಗತಿ. ಮೂವರು ಎದ್ದು ನಿಂತಿದ್ದಾರೆ. ಕೈ ಚಾಚಿದವನು ಚೆನ್ನಾಗಿಯೇ ಒತ್ತಾಯ ಮಾಡುತ್ತಿದ್ದಾನೆ, ಒಲ್ಲೆ ಅನ್ನಬೇಕಾದವನಿಗೆ ನಗು ಬಂದು ಮಾತೇ ಹೊರಡುತ್ತಿಲ್ಲ, ಮೂರನೆಯವನು ಮೇಷ್ಟ್ರ ಮುಖ ನೋಡುತ್ತಿದ್ದಾನೆ. ಮೇಷ್ಟ್ರು ಏನೂ ಹೇಳುವುದಿಲ್ಲ, ಕಾಯುತ್ತಾರೆ. ಕೊನೆಯ ಬೆಂಚಿನಿಂದ, ಯಾವ ಪಾತ್ರವೂ ಇಲ್ಲದ ಒಂದು ಹುಡುಗಿಯ ದನಿ ಕೇಳುತ್ತದೆ: "ಅವ್ನು ಒಲ್ಲೆ ಅಂತಾನೆ, ಬಿಡ್ರಲೇ."